ಅಮೆರಿಕದ ಹೈಸ್ಕೂಲಿಗೆ ಸ್ಪ್ಯಾನಿಷ್ ಬಂದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದ್ದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನು ಸ್ವಲ್ಪ ಚರಿತ್ರೆ ಬರೆಯುತ್ತೇನೆ ಎಂದೆ. 2005ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ, ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಚರಿತ್ರೆ ನನ್ನ ಕಸುಬಲ್ಲ. ಆದರೂ ಯಾವ ಕಾನೂನು ಓದಿದರೂ ಅದನ್ನು ಯಾರು, ಯಾವಾಗ, ಯಾರ ಮೇಲೆ ಮಾಡಿದರು ಎಂದು ಕೇಳುವುದನ್ನು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಅಭ್ಯಾಸ ಮಾಡಿಸಿದ್ದರು. ಈ ಲೇಖನಕ್ಕೆ ಅದೇ ಬಂಡವಾಳ.

ನಮ್ಮ ತಂಡದ ಅರ್ಧ ಜನ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದಾರೆ. ಅವರಲ್ಲಿ ಒಬ್ಬರದು ಅಪ್ಪಟ ಸ್ಪ್ಯಾನಿಷ್ ಹೆಸರು, ಮಾತು ಮಾತ್ರ ಪೂರ್ತಿ ಇಂಗ್ಲಿಷ್. ಒಂದು ದಿನ ಮೀಟಿಂಗಿಗೆ ಉಳಿದವರು ಬರುವ ಮುಂಚೆ ಓದಿನ ವಿಷಯ ಬಂದು, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಮನೆಯ ಕಥೆ ಹೇಳಿದರು. ಅವರ ತಂದೆ ಪ್ರಾಥಮಿಕ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಏಟು ತಿಂದವರು. ತಮ್ಮ ಮಕ್ಕಳಿಗೆ ಹಾಗಾಗಬಾರದು ಎಂದು ಮನೆಯಲ್ಲಿ ಆ ಭಾಷೆಯನ್ನೇ ನಿಲ್ಲಿಸಿಬಿಟ್ಟರು. ಮಗ ಹೈಸ್ಕೂಲಿಗೆ ಬಂದಾಗ ಕಾಲೇಜು ಸೇರಲು ಒಂದು ‘ವಿದೇಶಿ ಭಾಷೆ’ ಬೇಕಾಯಿತು. ಸ್ಪ್ಯಾನಿಷ್ ತೆಗೆದುಕೊಂಡು, ಎರಡು ವರ್ಷ ಕ್ರಿಯಾಪದಗಳನ್ನು ಉರು ಹೊಡೆದು ಪಾಸು ಮಾಡಿದರು. ಆ ಸ್ಪ್ಯಾನಿಷಿನಲ್ಲಿ ಅಜ್ಜಿಯನ್ನು ಮಾತಾಡಿಸಲು ಹೋದರೆ ಅಜ್ಜಿ ನಗುತ್ತಿದ್ದರಂತೆ.

ತಂದೆಗೆ ಏಟು ತಂದ ಭಾಷೆ ಮಗನಿಗೆ ಅಂಕ ತಂದಿತು. ನಡುವೆ ಮೂವತ್ತು ವರ್ಷ ಕಳೆದಿತ್ತು, ಕಾಲ ಬದಲಾಗಿರಬೇಕು ಎಂದೇ ನಾನೂ ಅಂದುಕೊಂಡೆ. ಹುಡುಕಿ ಓದುತ್ತಾ ಹೋದಾಗ ತಿಳಿದದ್ದು ಬೇರೆ. ಏಟೂ ಅಂಕವೂ ಒಂದೇ ಕಾಲದಲ್ಲಿ, ಒಂದೇ ರಾಜ್ಯದಲ್ಲಿ, ಒಂದೇ ಕಾನೂನಿನ ಕೆಳಗೆ ನಡೆಯುತ್ತಿದ್ದವು. ಅದು ಹೇಗಾಯಿತು ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಸಾಮಾನ್ಯವಾಗಿ 9ರಿಂದ 12ನೇ ತರಗತಿ. ನಮ್ಮ ಹೈಸ್ಕೂಲಿನ ಕೊನೆಯ ಎರಡು ವರ್ಷ ಮತ್ತು ಪಿಯುಸಿಯ ಎರಡು ವರ್ಷ ಸೇರಿದರೆ ಎಷ್ಟೋ ಅಷ್ಟು. ನಮ್ಮ ಹಾಗೆ ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆ ಎಂಬ ಲೆಕ್ಕ ಅಲ್ಲಿಲ್ಲ. ಇಂಗ್ಲಿಷ್ ಎಲ್ಲರಿಗೂ ಇದ್ದೇ ಇರುತ್ತದೆ. ಬೇರೆ ಭಾಷೆ ಏನಿದ್ದರೂ ಐಚ್ಛಿಕ ವಿಷಯ, ಬಹುಪಾಲು ಮಕ್ಕಳಿಗೆ ಅದು ಸಿಗುವುದೇ ಈ ಕೊನೆಯ ವರ್ಷಗಳಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಸೇರಬೇಕಾದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು ಕನಿಷ್ಠ 2 ವರ್ಷ ಓದಿರಬೇಕು. ಆದ್ದರಿಂದ ಹೆಸರಿಗೆ ಐಚ್ಛಿಕವಾದರೂ ಮುಂದೆ ಓದುವ ಆಸೆಯುಳ್ಳ ಮಕ್ಕಳು ಅದನ್ನು ಬಿಡುವಂತಿಲ್ಲ. ಇವತ್ತು ಅವರಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಸ್ಪ್ಯಾನಿಷ್.

ಸ್ಪ್ಯಾನಿಷ್ ಕಲಿಯಬೇಕು ಎಂಬ ಮಾತು ಆ ದೇಶದಲ್ಲಿ ಹೊಸದೇನಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಅಕಾಡೆಮಿ ತೆರೆಯಲು ಯೋಜನೆ ಬರೆದಾಗ, ವ್ಯಾಪಾರಕ್ಕೆ ಹೋಗುವ ಹುಡುಗರಿಗೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಬೇಕು ಎಂದು ಸೇರಿಸಿದ್ದರು. ಥಾಮಸ್ ಜೆಫರ್ಸನ್ 1787ರಲ್ಲಿ ತಮ್ಮ ಸೋದರಳಿಯನಿಗೆ ಬರೆದ ಕಾಗದದಲ್ಲಿ, ಮುಂದೆ ನಮಗೆ ಸ್ಪೇನಿನ ಜೊತೆ, ಸ್ಪ್ಯಾನಿಷ್ ಅಮೆರಿಕದ ಜೊತೆ ವ್ಯವಹಾರ ಬೆಳೆಯುತ್ತದೆ, ಆ ಭಾಷೆಗೆ ಹೆಚ್ಚು ಗಮನ ಕೊಡು ಎಂದು ಬುದ್ಧಿ ಹೇಳಿದ್ದಾರೆ. ಒಮ್ಮೆ ಹಡಗಿನ ಪ್ರಯಾಣದಲ್ಲಿ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯನ್ನು ಕೈಯಲ್ಲಿ ಹಿಡಿದು 19 ದಿನದಲ್ಲಿ ಸ್ಪ್ಯಾನಿಷ್ ಕಲಿತೆ ಎಂದು ಜೆಫರ್ಸನ್ ಹೇಳಿಕೊಂಡಿದ್ದರಂತೆ. ಅದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟ ಜಾನ್ ಕ್ವಿನ್ಸಿ ಆಡಮ್ಸ್‌ಗೆ ಅದರಲ್ಲಿ ನಂಬಿಕೆ ಬಂದಂತೆ ಕಾಣುವುದಿಲ್ಲ. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡ ನಮಗೂ ನಂಬುವುದು ಕಷ್ಟ.

ಇವರೆಲ್ಲರ ಲೆಕ್ಕದಲ್ಲಿ ಸ್ಪ್ಯಾನಿಷ್ ಎಂದರೆ ಹೊರಗಿನ ಭಾಷೆ, ವ್ಯಾಪಾರದ ಭಾಷೆ. ಆದರೆ ಇವತ್ತಿನ ಅಮೆರಿಕದ ನೆಲದಲ್ಲಿ ಅದು ಇಂಗ್ಲಿಷಿಗಿಂತ ಹಳೆಯದು. ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರನ್ನು ಸ್ಪೇನಿನವರು ಕಟ್ಟಿದ್ದು 1565ರಲ್ಲಿ. ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ನೆಲೆ ನಿಂತದ್ದು 1607ರಲ್ಲಿ. 1845ರಲ್ಲಿ ಟೆಕ್ಸಾಸ್ ಅಮೆರಿಕಕ್ಕೆ ಸೇರಿತು. ಮೆಕ್ಸಿಕೋ ಜೊತೆ ಯುದ್ಧವಾಗಿ 1848ರ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ ಮೊದಲಾದ ಸೀಮೆಗಳೂ ಬಂದವು. ಅಲ್ಲಿ ತಲೆತಲಾಂತರದಿಂದ ಸ್ಪ್ಯಾನಿಷ್ ಮಾತಾಡುತ್ತಿದ್ದ ಜನ ಎಲ್ಲಿಂದಲೂ ಬಂದವರಲ್ಲ. ಅವರ ಮನೆ, ಹೊಲ ಇದ್ದಲ್ಲೇ ಇದ್ದವು, ಆಡಳಿತ ಬದಲಾಯಿತು. 1956ರಲ್ಲಿ ಕಾಸರಗೋಡಿಗೆ ಏನಾಯಿತು ಎಂಬುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಮೊದಮೊದಲು ಆ ಜನರ ಭಾಷೆಗೆ ಸ್ವಲ್ಪ ಜಾಗವಿತ್ತು. ಕ್ಯಾಲಿಫೋರ್ನಿಯಾದ 1849ರ ಸಂವಿಧಾನದ ಪ್ರಕಾರ ಕಾನೂನುಗಳನ್ನು ಎರಡೂ ಭಾಷೆಗಳಲ್ಲಿ ಪ್ರಕಟಿಸಬೇಕಿತ್ತು. 1879ರ ಹೊಸ ಸಂವಿಧಾನ ಅದನ್ನು ತೆಗೆದುಹಾಕಿತು. ನ್ಯೂ ಮೆಕ್ಸಿಕೋ ಒಂದೇ ಬೇರೆ ದಾರಿ ಹಿಡಿಯಿತು. 1912ರಲ್ಲಿ ರಾಜ್ಯವಾದಾಗ, ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಪಾಠ ಹೇಳಲು ಎರಡೂ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡಬೇಕು ಎಂದು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು.

ಇತ್ತ ದೇಶದ ಹೈಸ್ಕೂಲುಗಳಲ್ಲಿ ಏನು ಕಲಿಸುತ್ತಿದ್ದರು? ಮೊದಲ ಸ್ಥಾನ ಲ್ಯಾಟಿನ್‌ಗೆ. 1910ರಲ್ಲಿ ಸರ್ಕಾರಿ ಹೈಸ್ಕೂಲುಗಳ ಅರ್ಧದಷ್ಟು ಮಕ್ಕಳು ಲ್ಯಾಟಿನ್ ಓದುತ್ತಿದ್ದರು. ನಮ್ಮಲ್ಲಿ ಸಂಸ್ಕೃತಕ್ಕೆ ಇರುವ ಹಾಗೆ ಅದಕ್ಕೆ ಗೌರವವೂ ಇತ್ತು, ಅಂಕದ ಅನುಕೂಲವೂ ಇತ್ತು. ಎರಡನೆಯದು ಜರ್ಮನ್. ಲಕ್ಷಾಂತರ ಜರ್ಮನ್ ಕುಟುಂಬಗಳು ಬಂದು ನೆಲೆಸಿದ್ದವು, ವಿಜ್ಞಾನ ಓದುವವರಿಗೂ ಜರ್ಮನ್ ಬೇಕಿತ್ತು. ನೂರಕ್ಕೆ 24 ಮಕ್ಕಳು ಅದನ್ನು ಕಲಿಯುತ್ತಿದ್ದರು. ಸ್ಪ್ಯಾನಿಷ್ ಕಲಿಯುತ್ತಿದ್ದವರು ಸಾವಿರಕ್ಕೆ 7 ಮಂದಿ.

ಅದು ಕೈಗೆ ಬಂದದ್ದು ಎರಡು ಘಟನೆಗಳಿಂದ. 1914ರ ಆಗಸ್ಟ್ 15ರಂದು ಪನಾಮಾ ಕಾಲುವೆ ಹಡಗುಗಳಿಗೆ ತೆರೆಯಿತು. ಅದಕ್ಕೆ ಸ್ವಲ್ಪ ಮುಂಚೆ ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧ ಶುರುವಾಗಿತ್ತು. ಯೂರೋಪಿನ ವ್ಯಾಪಾರ ಕೆಟ್ಟಿತು, ದಕ್ಷಿಣ ಅಮೆರಿಕದ ದಾರಿ ಹತ್ತಿರವಾಯಿತು. ಗುಮಾಸ್ತರಿಗೆ, ಏಜೆಂಟರಿಗೆ ಸ್ಪ್ಯಾನಿಷ್ ಬಂದರೆ ಒಳ್ಳೆಯದು ಎಂದು ವ್ಯಾಪಾರಿಗಳು ಹೇಳತೊಡಗಿದರು. ಇದು ಮೊದಲ ಕಾರಣ. ಇದೊಂದೇ ಇದ್ದಿದ್ದರೆ ಸ್ಪ್ಯಾನಿಷ್ ನಿಧಾನವಾಗಿ ಬೆಳೆಯುತ್ತಿತ್ತೇನೋ.

ಎರಡನೆಯ ಕಾರಣ ಜರ್ಮನ್ ಮೇಲಿನ ಸಿಟ್ಟು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಶತ್ರುವಿನ ಭಾಷೆ ನಮ್ಮ ಮಕ್ಕಳಿಗೆ ಏಕೆ ಎಂಬ ಕೂಗು ಎದ್ದಿತು. ಊರೂರಿನ ಶಾಲಾ ಮಂಡಳಿಗಳು ಜರ್ಮನ್ ಪಾಠ ನಿಲ್ಲಿಸಿದವು. ವಿಸ್ಕಾನ್ಸಿನ್ ರಾಜ್ಯದ ಬರಾಬೂ ಎಂಬ ಊರಿನಲ್ಲಿ 1918ರಲ್ಲಿ ಹೈಸ್ಕೂಲಿನ ಜರ್ಮನ್ ಪುಸ್ತಕಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಆ ಬೂದಿಯ ಫೋಟೋ ಇವತ್ತಿಗೂ ಉಳಿದಿದೆ. ಅದೇ ವರ್ಷ ಮೇ ತಿಂಗಳಲ್ಲಿ ಅಯೋವಾ ರಾಜ್ಯದ ಗವರ್ನರ್, ಶಾಲೆಯಲ್ಲಷ್ಟೇ ಅಲ್ಲ, ರೈಲಿನಲ್ಲಿ, ಟೆಲಿಫೋನಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು ಎಂದು ಆಜ್ಞೆ ಹೊರಡಿಸಿದರು. ಹುಳಿ ಬರಿಸಿದ ಎಲೆಕೋಸಿನ ಒಂದು ಜರ್ಮನ್ ಪದಾರ್ಥಕ್ಕೆ ‘ಸ್ವಾತಂತ್ರ್ಯ ಕೋಸು’ ಎಂದು ಹೆಸರು ಬದಲಿಸಿದ್ದೂ ಆಗಲೇ. ಯುದ್ಧದ ಕಾಲದಲ್ಲಿ ಎಲ್ಲ ದೇಶದವರೂ ಇಂಥವನ್ನು ಮಾಡುತ್ತಾರೆ. ಹೆಸರು ಬದಲಿಸಿದವರು ತಿನ್ನುವುದನ್ನೇನೂ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು.

ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 1915ರಲ್ಲಿ ನೂರಕ್ಕೆ 24ರಷ್ಟು ಮಕ್ಕಳು ಓದುತ್ತಿದ್ದ ಜರ್ಮನ್, 1922ರ ಹೊತ್ತಿಗೆ ಸಾವಿರಕ್ಕೆ 6ಕ್ಕೆ ಇಳಿಯಿತು. ಏಳು ವರ್ಷದಲ್ಲಿ ಒಂದು ಭಾಷೆ ಒಂದು ದೇಶದ ಹೈಸ್ಕೂಲುಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಸ್ಪ್ಯಾನಿಷ್ 1915ರಲ್ಲಿ ಸಾವಿರಕ್ಕೆ 27 ಇದ್ದದ್ದು 1922ರಲ್ಲಿ 113 ಆಯಿತು. ಫ್ರೆಂಚ್ ಕೂಡ 88ರಿಂದ 155ಕ್ಕೆ ಏರಿತು, ಆದರೆ ಸ್ಪ್ಯಾನಿಷಿನ ಓಟವೇ ಜೋರು. ಅದು ಗೆದ್ದು ಬಂದದ್ದಕ್ಕಿಂತ ಹೆಚ್ಚಾಗಿ ಖಾಲಿಯಾದ ಕುರ್ಚಿಯಲ್ಲಿ ಕೂತಿತು ಎಂದೇ ನನ್ನ ಅಭಿಪ್ರಾಯ.

ಮಕ್ಕಳು ಸಿಕ್ಕರು, ಮೇಷ್ಟ್ರು ಎಲ್ಲಿ? ನಿನ್ನೆಯವರೆಗೆ ಜರ್ಮನ್ ಕಲಿಸುತ್ತಿದ್ದವರೇ ಕೆಲಸ ಉಳಿಸಿಕೊಳ್ಳಲು ಸ್ಪ್ಯಾನಿಷ್ ಕಲಿತು ಪಾಠಕ್ಕೆ ನಿಂತರು. ಮಕ್ಕಳಿಗಿಂತ ಎರಡು ಪಾಠ ಮುಂದಿದ್ದರೆ ಸಾಕು ಎಂಬ ಪರಿಸ್ಥಿತಿ. ಇವತ್ತು ಕಲಿತು ನಾಳೆ ಪರಿಣತರ ಹಾಗೆ ಮಾತಾಡುವುದು ನಮ್ಮ ಸಾಫ್ಟ್‌ವೇರ್‌ನವರಿಗೂ ಗೊತ್ತಿರುವ ವಿದ್ಯೆ, ಹಾಗಾಗಿ ಅವರನ್ನು ನಾನು ಹಾಸ್ಯ ಮಾಡಲಾರೆ. ನ್ಯೂಯಾರ್ಕ್ ನಗರದ ಹೈಸ್ಕೂಲುಗಳ ಆಧುನಿಕ ಭಾಷೆಗಳ ಉಸ್ತುವಾರಿ ಹೊತ್ತಿದ್ದ ಲಾರೆನ್ಸ್ ವಿಲ್ಕಿನ್ಸ್ ಎಂಬುವರು ಈ ಗೊಂದಲಕ್ಕೆ ಒಂದು ಕ್ರಮ ತಂದರು. ಅಮೆರಿಕದ ಸ್ಪ್ಯಾನಿಷ್ ಶಿಕ್ಷಕರ ಸಂಘ 1917ರಲ್ಲಿ ಹುಟ್ಟಿದ್ದು ಅವರ ಪ್ರಯತ್ನದಿಂದ, ಮೊದಲ ಅಧ್ಯಕ್ಷರೂ ಅವರೇ. ‘ಹಿಸ್ಪಾನಿಯಾ’ ಎಂಬ ಪತ್ರಿಕೆ ಶುರುವಾಯಿತು, ಅದು ಇಂದಿಗೂ ನಡೆಯುತ್ತಿದೆ. ಅದರ ಮೊದಲ ಸಂಪಾದಕರಾದ ಆರೇಲಿಯೋ ಎಸ್ಪಿನೋಸಾ ಸ್ಪ್ಯಾನಿಷ್ ಮನೆಮಾತಿನವರು, ತಮ್ಮ ಸೀಮೆಯ ಜನಪದ ಕಥೆಗಳನ್ನೂ ಆಡುಮಾತನ್ನೂ ಸಂಗ್ರಹಿಸಿದ ವಿದ್ವಾಂಸರು. ಸ್ಪೇನಿನಿಂದ 1916ರಲ್ಲಿ ಬಂದ ಫೆದೆರಿಕೋ ದೆ ಒನೀಸ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಅಧ್ಯಯನಕ್ಕೆ ಬುನಾದಿ ಹಾಕಿದರು.

ತರಗತಿಯಲ್ಲಿ ಕಲಿಸುತ್ತಿದ್ದದ್ದು ಏನೆಂಬುದೂ ಸ್ವಾರಸ್ಯವಾಗಿದೆ. ಇಂಗ್ಲಿಷ್ ಮಕ್ಕಳಿಗೆ ‘ತು’ ಮತ್ತು ‘ಉಸ್ತೆದ್’ ಎಂಬ ಎರಡು ಪದಗಳ ವ್ಯತ್ಯಾಸ ತಲೆಗೆ ಹತ್ತಿಸಲು ಪಾಠಗಟ್ಟಲೆ ಬೇಕು. ನಮಗಾದರೆ ಒಂದು ನೀನು, ಇನ್ನೊಂದು ನೀವು ಎಂದರೆ ಮುಗಿಯಿತು. ಸ್ಪ್ಯಾನಿಷಿನಲ್ಲಿ ‘ಇರು’ ಎಂಬುದಕ್ಕೆ ‘ಸೆರ್’, ‘ಎಸ್ತಾರ್’ ಎಂದು ಎರಡು ಧಾತು. ಅವರು ಮೇಷ್ಟ್ರು ಎನ್ನುವುದಕ್ಕೆ ಒಂದು, ಅವರು ಮನೆಯಲ್ಲಿದ್ದಾರೆ ಎನ್ನುವುದಕ್ಕೆ ಇನ್ನೊಂದು. ಕನ್ನಡದಲ್ಲಿ ಮೊದಲ ವಾಕ್ಯಕ್ಕೆ ಕ್ರಿಯಾಪದವೇ ಬೇಡ, ಎರಡನೆಯದಕ್ಕೆ ಬೇಕೇ ಬೇಕು. ಈ ಭೇದ ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಒಂದು ಭಾಷೆ ಕಷ್ಟವೋ ಸುಲಭವೋ ಎಂಬುದು ಆ ಭಾಷೆಯ ಗುಣ ಮಾತ್ರವಲ್ಲ, ಕಲಿಯುವವರು ಮನೆಯಿಂದ ಏನು ತಂದಿದ್ದಾರೆ ಎಂಬುದರ ಮೇಲೂ ನಿಂತಿದೆ.

ಮನೆಯಿಂದ ಸ್ಪ್ಯಾನಿಷನ್ನೇ ತಂದ ಮಕ್ಕಳ ವಿಷಯಕ್ಕೆ ಈಗ ಬರುತ್ತೇನೆ. ಜರ್ಮನ್ ವಿರುದ್ಧ ಎದ್ದ ಸಿಟ್ಟು ಜರ್ಮನ್‌ಗೇ ನಿಲ್ಲಲಿಲ್ಲ. ನೆಬ್ರಾಸ್ಕಾ ರಾಜ್ಯ 1919ರಲ್ಲಿ, 8ನೇ ತರಗತಿ ಮುಗಿಸದ ಯಾವ ಮಗುವಿಗೂ ಇಂಗ್ಲಿಷ್ ಅಲ್ಲದ ಆಡುಭಾಷೆಯನ್ನು ಶಾಲೆಯಲ್ಲಿ ಕಲಿಸಕೂಡದು ಎಂದು ಕಾನೂನು ಮಾಡಿತು. ಹ್ಯಾಂಪ್ಟನ್ ಎಂಬ ಊರಿನ ಒಂದು ಚರ್ಚ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಭಾಷೆಯಲ್ಲಿ ಬೈಬಲ್ ಕಥೆ ಓದಿಸುತ್ತಿದ್ದರು. 1920ರ ಮೇ ತಿಂಗಳಲ್ಲಿ ಅವರನ್ನು ಹಿಡಿದು 25 ಡಾಲರ್ ದಂಡ ಹಾಕಿದರು. ಮೇಯರ್ ದಂಡ ಕಟ್ಟಲಿಲ್ಲ. ಮೊಕದ್ದಮೆ ದೇಶದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1923ರ ಜೂನ್ 4ರಂದು ಏಳು ನ್ಯಾಯಾಧೀಶರು ಮೇಯರ್ ಪರವಾಗಿ, ಇಬ್ಬರು ವಿರುದ್ಧವಾಗಿ ತೀರ್ಪು ಕೊಟ್ಟರು. ತಂದೆತಾಯಿ ತಮ್ಮ ಮಕ್ಕಳಿಗೆ ಒಂದು ಭಾಷೆ ಕಲಿಸಲು ಇಚ್ಛಿಸಿದರೆ, ಮೇಷ್ಟ್ರು ಅದನ್ನು ಕಲಿಸಲು ಸಿದ್ಧರಿದ್ದರೆ, ಸರ್ಕಾರ ಸುಮ್ಮಸುಮ್ಮನೆ ತಡೆಯುವಂತಿಲ್ಲ ಎಂಬುದು ಅದರ ಸಾರ. ಸಣ್ಣ ಊರಿನ ಒಬ್ಬ ಮೇಷ್ಟ್ರು 25 ಡಾಲರ್ ಕಟ್ಟಿ ಸುಮ್ಮನಾಗಿದ್ದರೆ ಈ ತೀರ್ಪು ಬರುತ್ತಿರಲಿಲ್ಲ.

ಟೆಕ್ಸಾಸ್ ಕೂಡ 1918ರಲ್ಲಿ ಇಂಥದೇ ಒಂದು ಕಾನೂನು ಮಾಡಿತ್ತು. ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು, ಮೀರಿದ ಶಿಕ್ಷಕರಿಗೆ ಶಿಕ್ಷೆ. ಅದರಲ್ಲೊಂದು ವಿನಾಯಿತಿ ಇತ್ತು: ಹೈಸ್ಕೂಲಿನ ತರಗತಿಗಳಲ್ಲಿ ಬೇರೆ ಭಾಷೆಯನ್ನು ಒಂದು ವಿಷಯವಾಗಿ ಕಲಿಸಬಹುದು. ಮೊದಲ ಸಲ ಇದನ್ನು ಓದಿದಾಗ ಉದಾರವಾದ ವಿನಾಯಿತಿ ಎನಿಸುತ್ತದೆ. ಇದರಿಂದ ಯಾರಿಗೆ ಏನು ಸಿಕ್ಕಿತು ಎಂದು ನಮ್ಮ ಮೇಷ್ಟ್ರ ಹಾಗೆ ಕೇಳಿ ನೋಡೋಣ. ಆರು ವರ್ಷದ ಮೆಕ್ಸಿಕನ್ ಮೂಲದ ಮಗು ಶಾಲೆಗೆ ಬಂದಾಗ ಅದಕ್ಕೆ ಬರುವ ಒಂದೇ ಭಾಷೆ ಸ್ಪ್ಯಾನಿಷ್. ಅದರಲ್ಲಿ ಪಾಠ ಹೇಳುವುದು ಅಪರಾಧ. ಪಾಠ ತಿಳಿಯದೆ ಒಂದೇ ತರಗತಿಯಲ್ಲಿ ಎರಡು ಮೂರು ವರ್ಷ ಕೂತು, ದೊಡ್ಡವರಾದ ಹುಡುಗರು ನಾಚಿಕೊಂಡು ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದರು. ಅವರಲ್ಲಿ ಹೈಸ್ಕೂಲಿನ ಕೊನೆಯ ವರ್ಷಗಳವರೆಗೆ ಬಂದವರು ಕಡಿಮೆ. ಅಲ್ಲಿ ಸ್ಪ್ಯಾನಿಷ್ ತರಗತಿಯಲ್ಲಿ ಕೂತು ಅಂಕ ಪಡೆದವರು ಹೆಚ್ಚಾಗಿ ಇಂಗ್ಲಿಷ್ ಮನೆಗಳ ಮಕ್ಕಳು. ಭಾಷೆ ಬಲ್ಲ ಮಗುವಿಗೆ ಕೆಳಗಿನ ತರಗತಿಯಲ್ಲಿ ಅದು ತಪ್ಪು, ಭಾಷೆ ಬಾರದ ಮಗುವಿಗೆ ಮೇಲಿನ ತರಗತಿಯಲ್ಲಿ ಅದು ವಿದ್ಯೆ.

ಕಾನೂನು ಹೇಳಿದ್ದು ಪಾಠದ ವಿಷಯ. ಆಟದ ಬಯಲಿನ ಮಾತನ್ನು ಶಾಲೆಗಳು ತಾವಾಗಿಯೇ ಸೇರಿಸಿಕೊಂಡವು. ಸ್ಪ್ಯಾನಿಷ್ ಆಡಿದ ಮಗುವಿಗೆ ಮರದ ಹಲಗೆಯಿಂದ ಏಟು, ಸಂಜೆ ಶಾಲೆಯಲ್ಲೇ ಉಳಿಸಿಕೊಳ್ಳುವುದು, ಮಾತಿಗಿಷ್ಟು ಎಂದು ಚಿಲ್ಲರೆ ದಂಡ. ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 1972ರ ವರದಿಯಲ್ಲಿ ಇದನ್ನೆಲ್ಲ ದಾಖಲಿಸಿದೆ. ಕನ್ನಡ ಆಡಿದರೆ ಹತ್ತು ರೂಪಾಯಿ ದಂಡ ಎಂಬ ನಿಯಮವಿರುವ ಶಾಲೆಗಳು ನಮ್ಮ ರಾಜ್ಯದಲ್ಲೇ ಇದ್ದವು ಎಂದು ಬಲ್ಲವರು ಇದನ್ನು ದೂರದ ಕಥೆ ಎಂದು ಓದಬೇಕಾಗಿಲ್ಲ.

ಇದರ ಅತ್ಯಂತ ಕಹಿಯಾದ ಉದಾಹರಣೆ ಪಶ್ಚಿಮ ಟೆಕ್ಸಾಸಿನ ಮಾರ್ಫಾ ಎಂಬ ಸಣ್ಣ ಊರಿನದು. ಅಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬ್ಲ್ಯಾಕ್‌ವೆಲ್ ಶಾಲೆ ಇತ್ತು, 1909ರಲ್ಲಿ ಹಸಿ ಮಣ್ಣಿನ ಇಟ್ಟಿಗೆಯಿಂದ ಕಟ್ಟಿದ್ದು. 1954ರಲ್ಲಿ ಒಂದು ದಿನ ಶಿಕ್ಷಕರು ಮಕ್ಕಳ ಕೈಗೆ ಕಾಗದದ ಚೀಟಿ ಕೊಟ್ಟು ಬರೆಸಿದರು. ಅವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಧ್ವಜಸ್ತಂಭದ ಹತ್ತಿರ ಗುಂಡಿ ತೆಗೆಸಿ, ‘ಮಿಸ್ಟರ್ ಸ್ಪ್ಯಾನಿಷ್’ ಸತ್ತಿದ್ದಾನೆ ಎಂದು ಹೂಳಿಸಿದರು. ಅಂದಿನಿಂದ ಶಾಲೆಯಲ್ಲಿ ಆ ಮಾತು ಬಾಯಿಗೆ ಬರಬಾರದು. ಬಂದವರಿಗೆ ಹಲಗೆ ಏಟು. ಶಿಕ್ಷಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಬಂದರೆ ಈ ಮಕ್ಕಳು ಉದ್ಧಾರವಾಗುತ್ತಾರೆ ಎಂದು ಅವರು ನಿಜವಾಗಿ ನಂಬಿದ್ದಿರಬಹುದು. ನಮ್ಮಲ್ಲಿ ಹಾಗೆ ನಂಬುವ ತಂದೆತಾಯಿಗಳು ಎಷ್ಟು ಜನ ಇಲ್ಲ? ಆದರೆ ಇಂಗ್ಲಿಷ್ ಕಲಿಸುವುದಕ್ಕೂ ಮನೆಯ ಮಾತನ್ನು ಹೂಳಿಸುವುದಕ್ಕೂ ಸಂಬಂಧವಿಲ್ಲ. ಒಂದನ್ನು ಮಾಡಲು ಇನ್ನೊಂದು ಬೇಕಾಗಿರಲಿಲ್ಲ.

1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕಕ್ಕೆ ಭಾಷೆಗಳ ನೆನಪು ಮತ್ತೆ ಬಂತು. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯ ಹಣ ವಿಜ್ಞಾನ, ಗಣಿತದ ಜೊತೆ ವಿದೇಶಿ ಭಾಷೆಗಳಿಗೂ ಹರಿಯಿತು. ಹೈಸ್ಕೂಲುಗಳಲ್ಲಿ ‘ಭಾಷಾ ಪ್ರಯೋಗಾಲಯ’ ಬಂದವು. ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಟೇಪಿನಲ್ಲಿ ಬಂದ ಸ್ಪ್ಯಾನಿಷ್ ವಾಕ್ಯವನ್ನು ಹಾಗೆಯೇ ಮರಳಿ ಹೇಳಬೇಕು. ಮಾತಾಡುವ ಮಕ್ಕಳು ಕೆಳಗಿನ ಶಾಲೆಯಲ್ಲಿ ಬಾಯಿ ಮುಚ್ಚಿ ಕೂತಿದ್ದ ಕಾಲದಲ್ಲೇ ಮೇಲಿನ ಶಾಲೆಯಲ್ಲಿ ಯಂತ್ರಕ್ಕೆ ಸ್ಪ್ಯಾನಿಷ್ ಮಾತಾಡಿಸುತ್ತಿದ್ದರು.

ಕೊನೆಗೆ ಬಾಯಿ ತೆರೆದವರು ಹೈಸ್ಕೂಲಿನ ಮಕ್ಕಳೇ. 1968ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸಿನ ಪೂರ್ವ ಭಾಗದ ಗಾರ್ಫೀಲ್ಡ್, ರೂಸ್‌ವೆಲ್ಟ್, ಲಿಂಕನ್ ಮೊದಲಾದ ಹೈಸ್ಕೂಲುಗಳಿಂದ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು. ದ್ವಿಭಾಷಾ ಶಿಕ್ಷಣ ಬೇಕು, ನಮ್ಮ ಚರಿತ್ರೆಯೂ ಪಠ್ಯದಲ್ಲಿ ಬರಬೇಕು, ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ನಿಲ್ಲಬೇಕು ಎಂಬುದು ಬೇಡಿಕೆ. ಅವರ ಬೆನ್ನಿಗೆ ನಿಂತ ಲಿಂಕನ್ ಹೈಸ್ಕೂಲಿನ ಶಿಕ್ಷಕ ಸಾಲ್ ಕ್ಯಾಸ್ಟ್ರೋ ಅವರನ್ನು ಬಂಧಿಸಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಟೆಕ್ಸಾಸಿನ ಗಡಿಯಂಚಿನ ಎಡ್‌ಕೌಚ್-ಎಲ್ಸಾ ಹೈಸ್ಕೂಲಿನ ಮಕ್ಕಳೂ ಹೊರಬಂದರು. ಶಾಲೆಯ ಆವರಣದಲ್ಲಿ ಸ್ಪ್ಯಾನಿಷ್ ಆಡಲು ಬಿಡಬೇಕು ಎಂಬುದು ಅವರ ಪಟ್ಟಿಯಲ್ಲೂ ಇತ್ತು. ಪ್ರಥಮ ಭಾಷೆಯ ಪ್ರಶ್ನೆಗೆ 1982ರಲ್ಲಿ ಕನ್ನಡನಾಡೇ ಬೀದಿಗಿಳಿದ ಗೋಕಾಕ್ ಚಳವಳಿ ನಮ್ಮ ಹಿರಿಯರಿಗೆ ನೆನಪಿರುತ್ತದೆ. ಅಲ್ಲಿ ಡಾ. ರಾಜ್‌ಕುಮಾರ್ ಅವರಂಥವರು ಮುಂದೆ ನಿಂತಿದ್ದರು. ಇಲ್ಲಿ ಮುಂದೆ ನಿಂತದ್ದು ಹದಿನಾರು ಹದಿನೇಳರ ಹುಡುಗ ಹುಡುಗಿಯರು.

ಆ ಹೊತ್ತಿಗೆ ದೆಹಲಿಯಂತೆ ಅವರ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲೂ ಗಾಳಿ ತಿರುಗಿತ್ತು. ಟೆಕ್ಸಾಸಿನ ಸೆನೆಟರ್ ರಾಲ್ಫ್ ಯಾರ್‌ಬರೋ ತಂದ ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1968ರ ಜನವರಿ 2ರಂದು ಸಹಿ ಹಾಕಿದರು. ಜಾನ್ಸನ್ ತಮ್ಮ ಯೌವನದಲ್ಲಿ ಟೆಕ್ಸಾಸಿನ ಕೊಟುಲ್ಲ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳ ಶಾಲೆಯ ಮೇಷ್ಟ್ರಾಗಿದ್ದವರು. ಆ ಮಕ್ಕಳಲ್ಲಿ ಕೆಲವರಿಗಷ್ಟೇ ಇಂಗ್ಲಿಷ್ ಬರುತ್ತಿತ್ತು, ನನಗೆ ಸ್ಪ್ಯಾನಿಷ್ ಹೆಚ್ಚು ಬರುತ್ತಿರಲಿಲ್ಲ ಎಂದು 1965ರಲ್ಲಿ ಸಂಸತ್ತಿನ ಎದುರು ಹೇಳಿದ್ದರು. ಟೆಕ್ಸಾಸ್ ತನ್ನ ಹಳೆಯ ಇಂಗ್ಲಿಷ್ ಮಾತ್ರದ ಕಾನೂನನ್ನು 1969ರಲ್ಲಿ ಕೈಬಿಟ್ಟಿತು.

ಅಲ್ಲಿಂದಾಚೆ ಸ್ಪ್ಯಾನಿಷ್ ಮನೆಯ ಮಕ್ಕಳು ಹೈಸ್ಕೂಲಿನ ಸ್ಪ್ಯಾನಿಷ್ ತರಗತಿಗೆ ಹೆಚ್ಚು ಹೆಚ್ಚಾಗಿ ಬಂದರು. ಹೊಸ ತೊಡಕು ಅಲ್ಲಿ ಶುರುವಾಯಿತು. ಪಠ್ಯಪುಸ್ತಕ ಸ್ಪೇನಿನ ಶಿಷ್ಟ ಭಾಷೆಯದು. ಮಗು ಮನೆಯಲ್ಲಿ ‘ಆಸಿನಾ’ ಎಂದರೆ ಪುಸ್ತಕದಲ್ಲಿ ‘ಆಸಿ’. ಮಗು ‘ತ್ರುಹೆ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ‘ತ್ರಾಹೆ’. ತಮಾಷೆ ಎಂದರೆ ಆ ಹಳ್ಳಿಯ ರೂಪಗಳು ತಪ್ಪಲ್ಲ, ಹಳೆಯವು. ನಾನೂರು ವರ್ಷದ ಹಿಂದೆ ಸ್ಪೇನಿನಲ್ಲೂ ಹಾಗೇ ಬರೆಯುತ್ತಿದ್ದರು. ಲಾರಿಗೆ ‘ತ್ರೋಕಾ’ ಎನ್ನುವುದು ಮಾತ್ರ ಇಂಗ್ಲಿಷಿನ ಟ್ರಕ್‌ನಿಂದ ಬಂದದ್ದು, ನಾವು ಬಸ್ಸು, ಟೇಬಲ್ಲು ಎನ್ನುವ ಹಾಗೆ. ಕ್ರಿಯಾಪದ ಉರು ಹೊಡೆದ ಇಂಗ್ಲಿಷ್ ಹುಡುಗನಿಗೆ 90, ಹುಟ್ಟಿನಿಂದ ಆಡಿದವನಿಗೆ 60 ಬರುವುದು ಹೀಗೆ. ಪರೀಕ್ಷೆಯಲ್ಲಿ ಮನೆಯ ಕನ್ನಡ ಬರೆದು ಗ್ರಾಂಥಿಕ ಕನ್ನಡಕ್ಕೆ ಅಂಕ ಕಳೆದುಕೊಂಡವರು ನಮ್ಮ ಶಾಲೆಯಲ್ಲೂ ಇದ್ದರು. ಗ್ವಾಡಲೂಪೆ ವಾಲ್ಡೆಸ್ ಅವರಂಥ ಭಾಷಾ ಶಿಕ್ಷಣದ ವಿದ್ವಾಂಸರು, ಈ ಮಕ್ಕಳಿಗೆ ಅದನ್ನು ವಿದೇಶಿ ಭಾಷೆಯಂತೆ ಅ ಆ ಇ ಈಯಿಂದ ಕಲಿಸಬಾರದು, ಅವರಿಗೆ ಬೇಕಾದದ್ದು ಓದು, ಬರಹ, ಸಾಹಿತ್ಯ ಎಂದು ವಾದಿಸಿದರು. ಅದರಿಂದ ಹಲವು ಹೈಸ್ಕೂಲುಗಳಲ್ಲಿ ಮನೆಮಾತಿನವರಿಗೆ ಬೇರೆ ತರಗತಿ ಬಂತು.

2000ದ ಹೊತ್ತಿಗೆ ಸರ್ಕಾರಿ ಹೈಸ್ಕೂಲುಗಳ ನೂರಕ್ಕೆ 30 ಮಕ್ಕಳು ಸ್ಪ್ಯಾನಿಷ್ ಓದುತ್ತಿದ್ದರು. ಫ್ರೆಂಚ್ 8, ಜರ್ಮನ್ ಎರಡರ ಆಸುಪಾಸು. ಹಾಗೆಂದು ಜಗಳ ಮುಗಿದಿರಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 1998ರಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ನಿಲ್ಲಿಸುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದ್ದರು. ಕೆಳಗೆ ನಿರ್ಬಂಧ, ಮೇಲೆ ಪ್ರೋತ್ಸಾಹ, ಮತ್ತೆ ಅದೇ ಹಳೆಯ ಜೋಡಿ. 2011ರಲ್ಲಿ ಅದೇ ರಾಜ್ಯ, ಹೈಸ್ಕೂಲು ಮುಗಿಸುವಾಗ ಎರಡು ಭಾಷೆಗಳಲ್ಲಿ ಓದಿ ಬರೆಯಬಲ್ಲವರ ಪ್ರಮಾಣಪತ್ರದ ಮೇಲೆ ವಿಶೇಷ ಮುದ್ರೆ ಹಾಕುವ ಪದ್ಧತಿ ತಂದಿತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಆ ಮುದ್ರೆ ಸ್ಪ್ಯಾನಿಷಿಗೆ ಮಾತ್ರ ಮೀಸಲಲ್ಲ, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೂ ದಾರಿ ಇದೆ. 2016ರಲ್ಲಿ ಮತದಾರರು 1998ರ ನಿರ್ಬಂಧವನ್ನು ತಾವೇ ತೆಗೆದುಹಾಕಿದರು.

ಮಾರ್ಫಾದ ಬ್ಲ್ಯಾಕ್‌ವೆಲ್ ಶಾಲೆ 1965ರಲ್ಲಿ ಮುಚ್ಚಿತ್ತು. ಅದರ ಕಟ್ಟಡ ಕೈತಪ್ಪುವ ಹೊತ್ತಿಗೆ, 2006ರ ಸುಮಾರಿಗೆ, ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಂಘ ಕಟ್ಟಿ ಅದನ್ನು ಉಳಿಸಿಕೊಂಡರು. ಹಳೆಯ ಫೋಟೋ, ಪುಸ್ತಕಗಳನ್ನು ತಂದು ಒಳಗೆ ಜೋಡಿಸಿದರು. 2007ರಲ್ಲಿ, ಅರವತ್ತು ದಾಟಿದವರು ಒಟ್ಟು ಸೇರಿ, ಅಂದು ಹೂತಿದ್ದ ‘ಮಿಸ್ಟರ್ ಸ್ಪ್ಯಾನಿಷ್’ನನ್ನು ಸಾಂಕೇತಿಕವಾಗಿ ಅಗೆದು ಹೊರತೆಗೆದರು. 2022ರ ಅಕ್ಟೋಬರಿನಲ್ಲಿ ಆ ಮಣ್ಣಿನ ಇಟ್ಟಿಗೆಯ ಶಾಲೆಯನ್ನು ರಾಷ್ಟ್ರೀಯ ಚಾರಿತ್ರಿಕ ತಾಣ ಮಾಡುವ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿತ್ತು.